ಲ್ಯಾಡಿ ಕುಬೆನಾ ಕರೆಂಟು ಬಿಟ್ಟ ವಾರ

ಲ್ಯಾಡಿ ಕುಬೆನಾ ಬುದ್ಧಿವಂತನಾದದ್ದು ಹೋದ ಬೇಸಿಗೆಯಲ್ಲಿ. ಅದಕ್ಕೆ ಮೊದಲು ಅವನೂ ನಮ್ಮೆಲ್ಲರ ಹಾಗೆಯೇ ಇದ್ದ. ನಮ್ಮೂರು ಮೊರಾವ್ಕಾದ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಬೇಲಿ ತಂತಿ ಮಾರಿಕೊಂಡು, ಭಾನುವಾರ ಚರ್ಚಿನ ಪೂಜೆಯಲ್ಲಿ ತೂಕಡಿಸಿಕೊಂಡು, ಯಾರಿಗೂ ತೊಂದರೆ ಕೊಡದೆ ಕಾಲ ಹಾಕುತ್ತಿದ್ದ.

ಟೆಕ್ಸಸ್ಸಿನಲ್ಲಿ ಕರೆಂಟು ಮಾರುವ ಕಂಪನಿಗಳಿಗೆ ಬರವಿಲ್ಲ. ಯಾರಿಂದ ಬೇಕಾದರೂ ಕೊಳ್ಳಬಹುದು. ನನ್ನಂಥವರು ವರ್ಷವಿಡೀ ಒಂದೇ ದರ ಎಂದು ಗೊತ್ತುಮಾಡಿಕೊಂಡು ಆ ವಿಷಯವನ್ನೇ ಮರೆತುಬಿಡುತ್ತೇವೆ. ಲ್ಯಾಡಿ ಹಿಡಿದುಕೊಂಡು ಬಂದ ಕಂಪನಿ ಹಾಗಲ್ಲ. ಅದು ಸಗಟು ಮಾರುಕಟ್ಟೆಯ ಬೆಲೆಗೇ ಕರೆಂಟು ಕೊಡುತ್ತಿತ್ತು. ಬೆಲೆ ಐದೈದು ನಿಮಿಷಕ್ಕೆ ಬದಲಾಗುತ್ತಿತ್ತು, ಲ್ಯಾಡಿಯ ಫೋನಿನಲ್ಲಿ ಕಾಣುತ್ತಿತ್ತು.

ಅಲ್ಲಿಂದ ಮುಂದೆ ಅವನನ್ನು ಸಹಿಸುವುದು ಕಷ್ಟವಾಯಿತು. ಶನಿವಾರ ಸಮುದಾಯ ಭವನದಲ್ಲಿ ಡಾಮಿನೊ ಆಡಲು ಕೂತರೆ ಕಣ್ಣು ಕಾಯಿಗಳ ಮೇಲಿಲ್ಲ, ಫೋನಿನ ಮೇಲೆ. "ಎರಡು ಸೆಂಟ್" ಎಂದು ನಮಗೆಲ್ಲ ಕೇಳುವಂತೆ ಹೇಳಿ, ಹೆಂಡತಿ ಡೋರಿನ್‌ಗೆ ಫೋನು ಮಾಡಿ, "ಈಗ್ಲೇ ಬಟ್ಟೆ ಒಗೆಯೋಕೆ ಹಾಕು" ಎನ್ನುತ್ತಿದ್ದ. ಅವನ ಸ್ವಂತ ಚಿಕ್ಕಪ್ಪನ ಮಣ್ಣಿನ ದಿನ, ಪಾದ್ರಿಗಳು ಕೊನೆಯ ಪ್ರಾರ್ಥನೆ ಹೇಳುತ್ತಿದ್ದಾಗ, ಮನೆಯಲ್ಲಿದ್ದ ಅತ್ತೆಗೆ ಫೋನು ಮಾಡಿ ಪಾತ್ರೆ ತೊಳೆಯುವ ಮಷೀನು ಚಾಲೂ ಮಾಡಿಸಿದ. ಸಮಾಧಿಯ ಪಕ್ಕದಲ್ಲಿ ನಾನೇ ನಿಂತಿದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ.

"ಒಟ್ಟೊ, ನೀನು ಇನ್ನೂ ಬಾಟ್ಲಿ ಹಾಲು ಕುಡಿಯೋ ಮಗು" ಎಂದು ನನ್ನನ್ನು ಛೇಡಿಸುತ್ತಿದ್ದ. "ಒಂದೇ ದರ ಅಂತೆ. ಯಾರೋ ನಿನಗೆ ಕಾವಲು ಕಾಯ್ತಿದಾರೆ, ಅದಕ್ಕೆ ನೀನು ದುಡ್ಡು ಕೊಡ್ತಿದೀಯ. ನಾನು ನೇರ ಮಾರ್ಕೆಟ್ಟಿಗೇ ಇಳಿದಿದೀನಿ."

ನಾನು ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು. ಮಾರುಕಟ್ಟೆಗೆ ಇಳಿಯುವ ಆಸೆ ನನಗೆ ಯಾವತ್ತೂ ಇರಲಿಲ್ಲ. ಲ್ಯಾಡಿ ಅಷ್ಟಕ್ಕೇ ನಿಲ್ಲದೆ, ಡೋರಿನ್‌ಳ ತಮ್ಮ ಗಿಲ್ಬರ್ಟನನ್ನೂ ಬಿಡದೆ ಅದೇ ಕಂಪನಿಗೆ ಸೇರಿಸಿದ. ಕಂಪನಿಗೆ ಒಂದು ಬ್ಯಾಂಕ್ ಖಾತೆಯ ನಂಬರು ಕೊಡಬೇಕಿತ್ತು. ಬಳಸಿದ ಕರೆಂಟಿಗೆ ಅವರೇ ಅದರಿಂದ ದುಡ್ಡು ಎಳೆದುಕೊಳ್ಳುತ್ತಿದ್ದರು. ಲ್ಯಾಡಿ ಕೊಟ್ಟ ಖಾತೆಯಲ್ಲಿ ಡೋರಿನ್ ಶಾಲೆಯ ಅಡುಗೆಮನೆಯಲ್ಲಿ ದುಡಿದು ಕೂಡಿಟ್ಟ ಹಣವಿತ್ತು. ಪೇಟೆಬೀದಿಯಲ್ಲಿ ಒಂದು ಖಾಲಿ ಮಳಿಗೆ ಹಿಡಿದು ಕೊಲಾಚೆ ಅಂಗಡಿ ಇಡುವುದು ಅವಳ ಆಸೆ. ಗಸಗಸೆಯ ಹೂರಣ, ಏಪ್ರಿಕಾಟ್ ಹೂರಣ ಇಟ್ಟು ಅವಳು ಸುಡುವ ಆ ಬನ್ನನ್ನು ತಿಂದವರು ಯಾರೂ ಅದು ದುರಾಸೆ ಎನ್ನಲಾರರು. ಮಳಿಗೆಯ ಯಜಮಾನ ಒಪ್ಪಿದ್ದ. ಬೂದಿ ಬುಧವಾರ ಕಳೆದ ಮೇಲಿನ ಸೋಮವಾರ ಮುಂಗಡ ಕೊಡುವುದೆಂದು ಮಾತಾಗಿತ್ತು. ಮೈದಾಹಿಟ್ಟಿನ ದೊಡ್ಡ ಚೀಲಗಳು ಆಗಲೇ ಗ್ಯಾರೇಜಿಗೆ ಬಂದು ಕೂತಿದ್ದವು.

ಆ ಫೆಬ್ರವರಿಯಲ್ಲಿ ಬಂದ ಚಳಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಹಸುಗಳು ನಿಂತಲ್ಲೇ ಸತ್ತವು. ಸೋಮವಾರ ಬೆಳಗಾಗುವಷ್ಟರಲ್ಲಿ ಊರಿಗೆ ಊರೇ ಕತ್ತಲು. ಕರೆಂಟು ಸಾಲುತ್ತಿಲ್ಲವೆಂದು ಮೇಲಿನವರು ಸಾಲು ಸಾಲಾಗಿ ಲೈನು ಕಡಿದರು. ಉಳಿದದ್ದು ವೃದ್ಧಾಶ್ರಮದ ಲೈನು ಒಂದೇ. ಆ ಲೈನಿನಲ್ಲಿ ವೃದ್ಧಾಶ್ರಮ ಬಿಟ್ಟರೆ ಇದ್ದ ಒಂದೇ ಮನೆ ಲ್ಯಾಡಿ ಕುಬೆನಾನದು.

ನಾನು ಎದುರು ಮನೆಯವನು. ನನ್ನ ಅಡುಗೆಮನೆಯ ನಲ್ಲಿಯಲ್ಲಿ ನೀರು ಕೋಲಿನ ಹಾಗೆ ಹೆಪ್ಪುಗಟ್ಟಿತ್ತು. ಕರೆಂಟಿನಲ್ಲಿ ಬಿಸಿಯಾಗುವ ಕಂಬಳಿಯೊಂದನ್ನು ಸುತ್ತಿಕೊಂಡು ರಸ್ತೆ ದಾಟಿ ಹೋಗಿ ಬಾಗಿಲು ಬಡಿದೆ. ಒಳಗೆ ಲ್ಯಾಡಿ ಕೋಟು, ಟೋಪಿ ಹಾಕಿಕೊಂಡು ಫ್ರಿಜ್ಜಿನ ಒಳಗಿನ ಬಲ್ಬು ಬಿಚ್ಚುತ್ತಿದ್ದ.

"ಅದ್ಯಾಕೋ ಬಿಚ್ತಿದೀಯ?"

"ಸುಮ್ನೆ" ಎಂದ.

"ಮನೆ ಯಾಕೆ ಇಷ್ಟು ತಣ್ಣಗಿದೆ? ನಿನಗೆ ಕರೆಂಟಿದೆಯಲ್ಲ."

ಅಡುಗೆಮನೆಯಿಂದ ಡೋರಿನ್ ಬಂದಳು. "ನಾನೂ ಅದನ್ನೇ ಕೇಳ್ತಿದೀನಿ ಒಟ್ಟೊ. ಬೆಳಗಿಂದ ನಾನು ಹೀಟರ್ ಹಾಕ್ತೀನಿ, ಇವನು ಆರಿಸ್ತಾನೆ. ನಾನು ಲೈಟ್ ಹಾಕ್ತೀನಿ, ಇವನು ಆರಿಸ್ತಾನೆ. ಏನ್ ಬಂತು ಅಂತ ಬಾಯಿ ಬಿಡಲ್ಲ."

ಲ್ಯಾಡಿ ಒಮ್ಮೆ ಅವಳನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಗೋಡೆಯ ಮೇಲೆ ಚರ್ಚಿನ ಕ್ಯಾಲೆಂಡರು ತೂಗುತ್ತಿತ್ತು, ಅದನ್ನೂ ನೋಡಿದ. ಆಮೇಲೆ ಹೇಳಿದ:

"ತಪಸ್ಸುಕಾಲಕ್ಕೆ ನಾನು ಕರೆಂಟು ಬಿಟ್ಟಿದೀನಿ."

ಬೂದಿ ಬುಧವಾರದಿಂದ ಈಸ್ಟರಿನವರೆಗಿನ ತಪಸ್ಸುಕಾಲದಲ್ಲಿ ನಾವೆಲ್ಲ ಏನಾದರೂ ಒಂದನ್ನು ಬಿಡುತ್ತೇವೆ. ಕೆಲವರು ಬಿಯರು, ಕೆಲವರು ಚಾಕಲೇಟು. ಕರೆಂಟು ಬಿಟ್ಟವರನ್ನು ನಾನು ಅದೇ ಮೊದಲು ಕಂಡದ್ದು.

"ಬೂದಿ ಬುಧವಾರ ಇನ್ನೂ ನಾಡಿದ್ದು" ಎಂದಳು ಡೋರಿನ್.

"ಮುಂಚೆಯಿಂದ ಅಭ್ಯಾಸ ಆಗ್ಲಿ ಅಂತ."

ಒಳಕೋಣೆಯಲ್ಲಿ ಡೋರಿನ್‌ಳ ತಾಯಿ ಅಲ್ಬೀನಾ ಕೂತಿದ್ದರು. ಎದೆ ಸರಿಯಿಲ್ಲದ ಮುದುಕಿ. ಗೋಡೆಗೆ ಸಿಕ್ಕಿಸಿದ ಮಷೀನೊಂದು ಆಮ್ಲಜನಕ ಕೊಟ್ಟರೆ ಅವರಿಗೆ ಉಸಿರು. ಅವರು ಮೂಗಿನ ನಳಿಕೆ ಸರಿಮಾಡಿಕೊಂಡು, "ಅಳಿಯಂದ್ರ ಬಾಯಲ್ಲಿ ಇಂಥಾ ಮಾತು ಕೇಳ್ತೀನಿ ಅಂತ ಅಂದ್ಕೊಂಡಿರ್ಲಿಲ್ಲ" ಎಂದು ಕಣ್ಣೊರೆಸಿಕೊಂಡರು. ಅವರು ಅಳಿಯನನ್ನು ಹೊಗಳಿದ್ದು ನನಗೆ ತಿಳಿದಂತೆ ಅದೇ ಮೊದಲು.

ಅಷ್ಟರಲ್ಲಿ ಲ್ಯಾಡಿಯ ಜೇಬಿನಲ್ಲಿ ಫೋನು ಟಿಣ್ ಎಂದಿತು. ಅವನ ಮುಖ ಬಿಳಿಚಿತು.

ನಾನು ಕಂಬಳಿಯ ತಂತಿ ಹಿಡಿದು ಪ್ಲಗ್ಗು ಹುಡುಕುತ್ತಿದ್ದಾಗ ಅವನು ನನ್ನನ್ನು ಉಗ್ರಾಣಕ್ಕೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದ. ಫೋನು ತೋರಿಸಿದ. ಯೂನಿಟ್ಟಿಗೆ ಹತ್ತು ಸೆಂಟ್ ಆಸುಪಾಸಿನಲ್ಲಿ ಇರಬೇಕಾದ ಬೆಲೆ ಒಂಬತ್ತು ಡಾಲರ್ ಆಗಿತ್ತು.

"ಇದು ತಪ್ಪಿರ್ಬೇಕು" ಎಂದೆ.

"ಅಲ್ಲ. ನಿನ್ನೆಯಿಂದ ಹೀಗೇ. ಒಂದೊಂದು ಟಿಣ್ ಅಂದಾಗ್ಲೂ ಖಾತೆಯಿಂದ ದುಡ್ಡು ಎಳ್ಕೊಂಡ್ರು ಅಂತ ಅರ್ಥ."

"ಆ ಕಂಪನಿ ಬಿಟ್ಹಾಕು."

"ಬಿಡಿ ಅಂತ ಅವ್ರೇ ಹೇಳ್ತಿದಾರೆ ಮಾರಾಯ. 'ದಯವಿಟ್ಟು ಬೇರೆ ಕಂಪನಿಗೆ ಹೋಗಿ' ಅಂತ ನಿನ್ನೆ ಮೆಸೇಜ್ ಕಳ್ಸಿದಾರೆ. ಬೇರೆಯವ್ರಿಗೆಲ್ಲ ಫೋನ್ ಮಾಡ್ದೆ. ಈ ವಾರ ಯಾರನ್ನೂ ಸೇರಿಸ್ಕೊಳ್ಳಲ್ಲ ಅಂದ್ರು."

"ಡೋರಿನ್‌ಗೆ ಹೇಳು."

"ಅದು ಅವಳ ಅಂಗಡಿ ದುಡ್ಡು, ಒಟ್ಟೊ." ಫೋನನ್ನು ಜೇಬಿಗಿಟ್ಟ. "ಇವತ್ತೊಂದು ದಿನ ಕಳೀಲಿ. ನಾಳೆ ಇಳಿಯತ್ತೆ. ಇಷ್ಟು ಏರಿದ್ದು ಇಳೀಲೇಬೇಕು."

ನಾನು ನನ್ನ ಕಂಬಳಿಯ ತಂತಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಇಡೀ ವಾರ ಆ ಮನೆಯಲ್ಲಿ ನಾನು ಮಾಡಿದ ಒಂದೇ ಉಪಕಾರ ಅದು.

ಮಧ್ಯಾಹ್ನ ಗಿಲ್ಬರ್ಟ್ ಹೆಂಡತಿ ಸಮೇತ ಬಂದ. ಅವನ ಕೈಯಲ್ಲಿ ಒಂದು ಊರಿಗೆ ಸಾಲುವಷ್ಟು ಮಾಂಸ ಬೇಯಿಸುವ ಕರೆಂಟಿನ ಹಂಡೆ, ಅವಳ ಕೈಯಲ್ಲಿ ಬಣ್ಣದ ಮೀನುಗಳಿದ್ದ ಗಾಜಿನ ತೊಟ್ಟಿ. ಮೀನುಗಳಿಗೆ ಬಿಸಿನೀರು ಬೇಕಂತೆ.

"ಗಿಲ್ಬರ್ಟ್, ನಾನು ಕರೆಂಟು ಬಿಟ್ಟಿದೀನಿ ಕಣೋ" ಎಂದ ಲ್ಯಾಡಿ ದೀನನಾಗಿ.

"ಅಕ್ಕ ಹೇಳಿದ್ಳು ಭಾವ. ಒಳ್ಳೇದೇ ಆಯ್ತು. ನೀವು ಬಿಟ್ಟಿರೋ ಪಾಲು ನಾವು ತಗೋತೀವಿ." ಹಂಡೆಯ ಪ್ಲಗ್ಗು ಸಿಕ್ಕಿಸಿಯೇಬಿಟ್ಟ.

ಟಿಣ್.

ಹಂಡೆಯ ಹಿಂದೆಯೇ ರಾಯ್ಸ್ ಟಿಡ್‌ವೆಲ್ ಬಂದ. ನಮ್ಮೂರಿನ ಪಾಯಿಖಾನೆ ಗುಂಡಿ ಖಾಲಿ ಮಾಡುವ ಲಾರಿಯ ಮಾಲೀಕ. ತೋಳಲ್ಲಿ ಎರಡು ಆಡಿನ ಮರಿಗಳು, ಹಲ್ಲಲ್ಲಿ ಕಚ್ಚಿಕೊಂಡ ಬಿಸಿ ದೀಪದ ವೈರು. "ನಿನ್ನೆ ಹುಟ್ಟಿದ್ದು ಲ್ಯಾಡಿ. ತಾಯಿ ಸತ್ತೋಯ್ತು. ಸ್ನಾನದ ತೊಟ್ಟಿಲಿ ಬಿಡ್ತೀನಿ, ದೀಪ ಒಂದು ಉರೀತಾ ಇದ್ರೆ ಸಾಕು" ಎಂದ. ಇಲ್ಲವೆನ್ನಲು ಲ್ಯಾಡಿ ಬಾಯಿ ತೆರೆದ. ಮರಿಯೊಂದು ಅವನ ಬೆರಳನ್ನು ಬಾಯಿಗಿಟ್ಟುಕೊಂಡು ಚೀಪತೊಡಗಿತು. ತೆರೆದ ಬಾಯಿ ಹಾಗೆಯೇ ಮುಚ್ಚಿತು.

ನಮ್ಮಲ್ಲಿ ಚಳಿಯಲ್ಲಿ ಬಂದವರನ್ನು ಬಾಗಿಲಿಂದ ಹಿಂದೆ ಕಳಿಸಿದವನು ಆಮೇಲೆ ಊರಲ್ಲಿ ತಲೆಯೆತ್ತಿ ತಿರುಗಲಾರ. ಲ್ಯಾಡಿ ಕಳಿಸಲೂ ಇಲ್ಲ, ಮನಃಪೂರ್ವಕವಾಗಿ ಕರೆಯಲೂ ಇಲ್ಲ. ಎಲ್ಲರ ಹಿಂದೆ ಸುತ್ತುತ್ತ, ಯಾರೂ ನೋಡದಾಗ ಏನನ್ನಾದರೂ ಆರಿಸುತ್ತಿದ್ದ. ಗಿಲ್ಬರ್ಟನ ಹಂಡೆ ಆರುತ್ತಿತ್ತು, ಹತ್ತುತ್ತಿತ್ತು, ಆರುತ್ತಿತ್ತು. ಮಾಂಸ ಬೇಯುತ್ತಿಲ್ಲವೇಕೆಂದು ಗಿಲ್ಬರ್ಟ್ ತಲೆ ಕೆರೆದುಕೊಂಡ.

ಮಂಗಳವಾರ ಬೆಲೆ ಇಳಿಯಲಿಲ್ಲ. ಬಂದವಳು ಮೇಯರ್ ವರ್ಲೀನ್ ಓಟ್ಮನ್. ತುಪ್ಪಳದ ಕೋಟು, ಚುನಾವಣೆಯ ನಗು. ಲ್ಯಾಡಿಯ ಎರಡೂ ಕೈ ಹಿಡಿದುಕೊಂಡು ಕುಲುಕಿದಳು.

"ನಿಮ್ಮಂಥವ್ರು ಇರೋದ್ರಿಂದಾನೇ ಈ ಊರು ನಿಂತಿದೆ. ನಿಮ್ಮ ಮನೇನ ಊರಿನ ಬಿಸಿತಾಣ ಅಂತ ಘೋಷಣೆ ಮಾಡಿದೀನಿ. ಚಳಿ ಅನ್ನೋರೆಲ್ಲ ಇಲ್ಲಿಗೇ ಬರ್ಲಿ."

"ಯಾವಾಗ?" ಎಂದ ಲ್ಯಾಡಿ. ದನಿ ಎಲ್ಲಿಂದಲೋ ಬಂತು.

"ಈಗಷ್ಟೇ. ಊರಿನ ಇಂಟರ್‌ನೆಟ್ ಪೇಜಿನಲ್ಲಿ ಹಾಕಿ ಬಂದೆ. ನಿಮ್ಮ ಫೋಟೋನೂ ಹಾಕಿದೀನಿ."

ಸಂಜೆಯ ಹೊತ್ತಿಗೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನನಗೆ ಹೆಸರೇ ಗೊತ್ತಿಲ್ಲದವರು ಸೋಫಾದಲ್ಲಿ ಮಲಗಿದ್ದರು. ಪ್ಲಗ್ಗಿನ ಮೇಲೆ ಪ್ಲಗ್ಗು, ಅದರ ಮೇಲೆ ಇನ್ನೊಂದು ಪ್ಲಗ್ಗು. ಟಿಣ್ ಎನ್ನುವುದು ಈಗ ನಿಲ್ಲುತ್ತಲೇ ಇರಲಿಲ್ಲ. "ಎಷ್ಟು ಜನ ನಿಮ್ಮನ್ನ ನೆನೆಸ್ಕೊಂಡು ಹಾರೈಸ್ತಿದಾರೆ ನೋಡಿ" ಎಂದರು ಅಲ್ಬೀನಾ. ಲ್ಯಾಡಿ ನಗಲು ಪ್ರಯತ್ನಿಸಿದ. ಅದನ್ನು ನೋಡಲಾಗದೆ ನಾನು ಹೋಗಿ ಆಡಿನ ಮರಿಗೆ ಹಾಲು ಕುಡಿಸಿದೆ.

ಬುಧವಾರ ಫಾದರ್ ಹ್ರುಷ್ಕಾ ಬಂದರು. ಚರ್ಚಿನ ಪೈಪುಗಳು ಒಡೆದಿದ್ದವು, ಆದ್ದರಿಂದ ಬೂದಿಯನ್ನು ಇಲ್ಲಿಗೇ ತಂದಿದ್ದರು. ಜೊತೆಗೆ ಚರ್ಚಿನ ದೊಡ್ಡ ಕಾಫಿ ಯಂತ್ರ. ಎಲ್ಲರ ಹಣೆಗೂ ಬೂದಿ ಹಚ್ಚಿ, ಲ್ಯಾಡಿಯ ಹೆಗಲ ಮೇಲೆ ಕೈಯಿಟ್ಟು ಪುಟ್ಟ ಉಪದೇಶ ಕೊಟ್ಟರು.

"ನಾವೆಲ್ಲ ಸಿಹಿ ಬಿಡ್ತೀವಿ, ಕುಡಿಯೋದು ಬಿಡ್ತೀವಿ. ಈ ಮನುಷ್ಯ ಬೆಳಕನ್ನೇ ಬಿಟ್ಟು ಆ ಬೆಳಕನ್ನ ನಮಗೆ ಕೊಟ್ಟಿದಾನೆ."

ಕೆಲವರು ಕಣ್ಣೊರೆಸಿಕೊಂಡರು. ಗಿಲ್ಬರ್ಟ್ ಕಾಫಿ ಯಂತ್ರದ ಗುಂಡಿ ಒತ್ತಿದ. ಟಿಣ್, ಟಿಣ್. ಲ್ಯಾಡಿ ಜನರ ನಡುವಿನಿಂದ ನುಸುಳಿ ಗ್ಯಾರೇಜಿನ ಕಡೆಗೆ ಹೊರಟ. ಅವನ ನಡಿಗೆ ನನಗೆ ಹಿಡಿಸಲಿಲ್ಲ, ಹಿಂದೆಯೇ ಹೋದೆ.

ಗ್ಯಾರೇಜಿನ ಗೋಡೆಯಲ್ಲಿ ಮನೆಯ ಮೇನ್ ಸ್ವಿಚ್ಚು. ಅವನ ಕೈ ಅದರ ಮೇಲಿತ್ತು.

"ಹತ್ತು ನಿಮಿಷ ಆರಿಸ್ತೀನಿ ಒಟ್ಟೊ. ಇಲ್ಲೂ ಹೋಯ್ತು ಅಂತ ಎಲ್ಲಾ ವೃದ್ಧಾಶ್ರಮಕ್ಕೆ ಹೋಗ್ತಾರೆ. ಅಲ್ಲಿ ಜಾಗ ಇದೆ."

"ನಿಮ್ಮತ್ತೆ?"

"ಅವರಿಗೆ ಸಿಲಿಂಡರ್ ಇದೆ."

"ಸಿಲಿಂಡರ್ ಖಾಲಿಯಾಯ್ತು, ಹೊಸದು ತರೋ ಗಾಡಿ ಮಂಜಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಡೋರಿನ್ ಬೆಳಿಗ್ಗೆ ಹೇಳ್ಲಿಲ್ವಾ?"

ಅವನು ಕೇಳಿಸಿಕೊಂಡಿರಲಿಲ್ಲ. ಕೈ ಸ್ವಿಚ್ಚಿನ ಮೇಲೆಯೇ ಇತ್ತು. ಗೋಡೆಯ ಆಚೆಗೇ ಅಲ್ಬೀನಾರ ಕೋಣೆ. ಆ ಮಷೀನು ಉಸಿರೆಳೆಯುವುದು, ಬಿಡುವುದು ಇಲ್ಲಿಗೆ ಕೇಳುತ್ತಿತ್ತು. ನನಗೆ ನಿಜವಾಗಿ ಭಯವಾಯಿತು. ಲ್ಯಾಡಿ ಕೆಟ್ಟವನಲ್ಲ, ಆದರೆ ಮೂರು ದಿನ ನಿದ್ದೆ ಮಾಡಿರಲಿಲ್ಲ, ಅವನ ಕಣ್ಣು ಕೆಂಡವಾಗಿತ್ತು. ಕೊನೆಗೆ ಅವನ ಕೈ ತಾನಾಗಿಯೇ ಕೆಳಗಿಳಿಯಿತು. ಹಿಟ್ಟಿನ ಚೀಲದ ಮೇಲೆ ಕುಸಿದು ಕೂತ.

ಬಾಗಿಲಲ್ಲಿ ಡೋರಿನ್ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ಅಮ್ಮನ ಮಷೀನ್ ಆರಿಸೋಕೆ ಹೊರಟಿದ್ಯಾ?"

ಅವನು ಫೋನನ್ನು ಅವಳ ಕೈಗೆ ಕೊಟ್ಟ. ಅವಳು ಓದಿದಳು. ಬೆರಳಿಂದ ಮೇಲೆ ಸರಿಸುತ್ತ ಸರಿಸುತ್ತ ಓದಿದಳು.

"ಇದು ನನ್ನ ಖಾತೆ."

"ಹೌದು."

"ಏನ್ ಉಳಿದಿದೆ?"

ಅವನು ಹೇಳಿದ. ಉಳಿದದ್ದರಲ್ಲಿ ಅಂಗಡಿಯ ಬೋರ್ಡು ಬರೆಸಬಹುದಿತ್ತು, ಬೇರೇನೂ ಆಗುತ್ತಿರಲಿಲ್ಲ.

ಅವಳು ಕಿರುಚಿದ್ದರೆ ನಮಗಿಬ್ಬರಿಗೂ ಹಗುರವಾಗುತ್ತಿತ್ತು. ಅವಳು ಕಿರುಚಲಿಲ್ಲ. "ಏಳು" ಎಂದಳು. ಅವನು ಎದ್ದ. ಅವನು ಕೂತಿದ್ದ ಹಿಟ್ಟಿನ ಚೀಲವನ್ನು ಎಳೆದುಕೊಂಡು ಅಡುಗೆಮನೆಗೆ ಹೋಗಿ ಎರಡೂ ಓವನ್ನುಗಳನ್ನು ಪೂರ್ತಿ ಉರಿಗೆ ತಿರುಗಿಸಿದಳು.

"ಡೋರಿನ್, ಓವನ್ ಬೇಡ" ಎಂದ ಲ್ಯಾಡಿ ಮೆಲ್ಲಗೆ.

"ಬೋರ್ಡೊಂದನ್ನ ಬರೆಸ್ಕೊಂಡು ಎಲ್ಲಿಗೆ ನೇತಾಕ್ಲಿ?" ಎಂದಳು ಅವನ ಕಡೆ ತಿರುಗದೆ. "ನನ್ನ ಅಂಗಡಿ ಇವತ್ತು ಶುರು. ಇವತ್ತೇ ಮುಗಿಯತ್ತೆ."

ಅಂದು ಅವಳು ಹಿಟ್ಟು ಮುಗಿಯುವ ತನಕ ಕೊಲಾಚೆ ಸುಟ್ಟಳು. ಟೆಕ್ಸಸ್ಸಿನ ಇತಿಹಾಸದಲ್ಲಿ ಅಷ್ಟು ದುಬಾರಿ ಬನ್ನು ಯಾರೂ ತಿಂದಿರಲಾರರು. ಮಾಂಸ ಬಿಟ್ಟು ಉಪವಾಸವಿರುವ ದಿನವೆಂದು ಜನ ಹಿಂದೆ ಮುಂದೆ ನೋಡಿದರು. ಫಾದರ್ ಹ್ರುಷ್ಕಾ ಒಂದನ್ನು ಮೂಸಿ, "ಗಸಗಸೆ ಮಾಂಸವಲ್ಲ" ಎಂದು ತೀರ್ಪು ಕೊಟ್ಟು ಮೊದಲು ಬಾಯಿಗಿಟ್ಟರು. ಎಲ್ಲರೂ ಡೋರಿನ್‌ಳನ್ನು ಹೊಗಳಿದರು. ನೀನು ಅಂಗಡಿ ಇಟ್ಟರೆ ದಿನಾ ಬರ್ತೀವಿ ಎಂದರು. ಅವಳು ತಟ್ಟೆ ತುಂಬಿಸುತ್ತಲೇ ಇದ್ದಳು. ನನಗೆ ಗಂಟಲಲ್ಲಿ ಇಳಿಯಲಿಲ್ಲ, ಆದರೂ ಮೂರು ತಿಂದೆ.

ಆ ಹೊತ್ತಿನಿಂದ ಅವಳು ಲ್ಯಾಡಿಯೊಡನೆ ಮಾತು ಬಿಟ್ಟಳು.

ವಾರದ ಕೊನೆಗೆ ಊರಿಗೆ ಕರೆಂಟು ಬಂತು. ಮಳಿಗೆ ಫೋನಿನ ಕವರು ಮಾರುವವನ ಪಾಲಾಯಿತು. ಆಗ ಊರಿಗೆಲ್ಲ ವಿಷಯ ತಿಳಿಯಿತು, ಎಲ್ಲರಿಗೂ ಮುಖ ಎಲ್ಲಿಡಬೇಕೆಂದು ತೋಚಲಿಲ್ಲ. ಕೊಡೋಣವೆಂದರೆ ಪ್ರತಿಯೊಬ್ಬರ ಮನೆಯಲ್ಲೂ ಪೈಪು ಒಡೆದು ಚಾವಣಿ ಬಿದ್ದಿತ್ತು. ರಾಯ್ಸ್ ಒಂದು ಆಡಿನ ಮರಿ ಕೊಟ್ಟ. ಮೇಯರ್ ಅಭಿನಂದನಾ ಪತ್ರಕ್ಕೆ ಕಟ್ಟು ಹಾಕಿಸಿ ಕೊಟ್ಟಳು. ಗಿಲ್ಬರ್ಟನ ಕಥೆ ಕೇಳಿ. ಅವನೂ ಅದೇ ಕಂಪನಿಯವನು, ಅವನ ಲೈನು ಕಡಿಯುವ ಮುಂಚೆ ಅವನಿಗೂ ಬೆಲೆ ಏರಿತ್ತು. ಆದರೆ ಅವನ ಖಾತೆಯಲ್ಲಿ ಯಾವತ್ತೂ ದುಡ್ಡಿರುತ್ತಿರಲಿಲ್ಲ, ಕಂಪನಿ ಎಳೆದರೂ ಬರಲಿಲ್ಲ. ಆಮೇಲೆ ಕಂಪನಿ ಮುಳುಗಿತು. ಬಾಕಿ ಉಳಿಸಿಕೊಂಡವರದೆಲ್ಲ ಮಾಫಿ ಎಂದಾಯಿತು. ಕೊಟ್ಟವರು ಕೊಟ್ಟ ಹಾಗೆ.

"ನೀವು ಸ್ವಲ್ಪ ಖರ್ಚು ಮಾಡೋದು ಕಲೀಬೇಕು ಭಾವ" ಎಂದ ಗಿಲ್ಬರ್ಟ್. ಅವನನ್ನು ನಾನು ಹೊಡೆಯಲಿಲ್ಲ, ಅದಕ್ಕೆ ನನ್ನ ಮಂಡಿ ನೋವು ಕಾರಣ.

ವಸಂತದಲ್ಲಿ ರಾಜಧಾನಿ ಆಸ್ಟಿನ್‌ನಲ್ಲಿ ವಿಚಾರಣೆ ಕರೆದರು. ಇಂಥ ದರದಲ್ಲಿ ಇನ್ನು ಮುಂದೆ ಮನೆಗಳಿಗೆ ಕರೆಂಟು ಮಾರಲು ಬಿಡಬೇಕೇ ಬೇಡವೇ ಎಂದು ಸಮಿತಿ ಕೇಳಿ ತಿಳಿಯುವುದಂತೆ. ಹೆಸರು ಬರೆಸಿದ ಪ್ರತಿಯೊಬ್ಬರಿಗೂ ಮೂರು ನಿಮಿಷ. ಲ್ಯಾಡಿ ಬರೆಸಿದ. ನನ್ನ ವ್ಯಾನಿನಲ್ಲಿ ಹೊರಟೆವು. ಡೋರಿನ್ ತಾನೂ ಬಂದು ಹಿಂದಿನ ಸೀಟಿನಲ್ಲಿ ಕೂತಳು, ದಾರಿಯುದ್ದಕ್ಕೂ ಕಿಟಕಿ ನೋಡಿದಳು. ಮೊದಲು ಮಾತಾಡಿದ ದೊಡ್ಡ ಕಂಪನಿಗಳ ವಕೀಲರು ಒಬ್ಬರಾದ ಮೇಲೊಬ್ಬರು ಸ್ವಾತಂತ್ರ್ಯದ ಬಗ್ಗೆ ಹೇಳಿದರು. ಗಿರಾಕಿಗೆ ಆಯ್ಕೆಯ ಸ್ವಾತಂತ್ರ್ಯ ಬೇಕಂತೆ.

ಲ್ಯಾಡಿ ಮದುವೆಯ ಸೂಟಿನಲ್ಲಿ ಮೈಕಿನ ಮುಂದೆ ನಿಂತ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ತನ್ನ ಹೆಸರು ಹೇಳಿದ, ಎರಡು ಸಲ. ಆಮೇಲೆ ಯಾಕೋ ಡಾಮಿನೊ ಆಟದ ಬಗ್ಗೆ ಶುರು ಮಾಡಿದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸಮಿತಿಯ ಮುಖ್ಯಸ್ಥರು ಸಭ್ಯ ಮನುಷ್ಯ, ಅವರೇ ಕೈ ಹಿಡಿದು ದಾರಿಗೆ ತಂದರು.

"ಮಿಸ್ಟರ್ ಕುಬೆನಾ, ಈ ಯೋಜನೆಗೆ ಸೇರಿ ಅಂತ ನಿಮ್ಮನ್ನ ಯಾರಾದ್ರೂ ಬಲವಂತ ಮಾಡಿದ್ರಾ?"

"ಇಲ್ಲ ಸರ್. ನಾನೇ ಸೇರಿದ್ದು."

"ಬೆಲೆ ಏರಿದ್ದು ನಿಮಗೆ ಕಾಣ್ತಿತ್ತಾ?"

"ಐದೈದು ನಿಮಿಷಕ್ಕೂ ಕಾಣ್ತಿತ್ತು."

"ಈ ವ್ಯವಸ್ಥೆ ಇರೋದೇ ಹಾಗೆ ನೋಡಿ. ಬೆಲೆ ಏರಿದಾಗ ಗಿರಾಕಿ ಬಳಕೆ ಕಮ್ಮಿ ಮಾಡ್ತಾನೆ. ನೀವು ಕಮ್ಮಿ ಮಾಡಬಹುದಿತ್ತಲ್ಲ?"

ಲ್ಯಾಡಿ ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಹಣೆಯಲ್ಲಿ ಗೆರೆ ಮೂಡಿತು.

"ಫ್ರಿಜ್ಜಿನ ಬಲ್ಬ್ ಬಿಚ್ಚಿದೆ ಸರ್" ಎಂದ. "ಆಮೇಲೆ ನಮ್ಮತ್ತೆ ಇದ್ರು, ಅವ್ರು ಗೋಡೇಲಿರೋ ಪ್ಲಗ್ಗಿಂದ ಉಸಿರಾಡ್ತಾರೆ. ತಾಯಿ ಸತ್ತ ಆಡಿನ ಮರಿ ಎರಡಿದ್ವು. ಒಟ್ಟೊ ಇದ್ದ, ಅಗೋ ಅಲ್ಲಿ ಕೂತಿದಾನೆ, ಅವನ ಮನೇಲಿ ನೀರು ಕಲ್ಲಾಗಿತ್ತು. ಯಾರ್ಯಾರೋ ಮಕ್ಕಳು ನನ್ನ ಸೋಫಾ ಮೇಲೆ ಮಲಗಿದ್ರು. ಬೆಲೆ ನನಗೆ ಚೆನ್ನಾಗಿ ಕಾಣ್ತಿತ್ತು ಸರ್. ಯಾವ ಪ್ಲಗ್ ಕೀಳಬೇಕು ಅನ್ನೋದು ಕಾಣ್ಲಿಲ್ಲ. ನನಗೆ ಅಷ್ಟು ಬುದ್ಧಿ ಇಲ್ಲ. ನೀವು ತಿಳಿದವ್ರು, ಯಾವುದು ಕೀಳಬೇಕಿತ್ತು ಹೇಳಿ."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. ಮೈಕಿನ ಪಕ್ಕದ ಕೆಂಪು ದೀಪ ಹತ್ತಿತು.

"ನಿಮ್ಮ ಮೂರು ನಿಮಿಷ ಮುಗೀತು, ಮಿಸ್ಟರ್ ಕುಬೆನಾ. ಮುಂದಿನವರು ಬರಬಹುದು."

ಗುಮಾಸ್ತೆ ಮುಂದಿನ ಹೆಸರು ಓದಿದಳು. ಡೋರಿನ್ ಕುಬೆನಾ. ಅವಳು ಹೆಸರು ಬರೆಸಿದ್ದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಲ್ಯಾಡಿ ತಲೆ ತಗ್ಗಿಸಿಕೊಂಡು ಮೈಕಿನಿಂದ ಆಚೆ ಸರಿಯುತ್ತಿದ್ದ. ಅವಳು ಬಂದು ಅವನ ತೋಳು ಹಿಡಿದು ಅಲ್ಲೇ ನಿಲ್ಲಿಸಿದಳು.

"ಎಲ್ಲೂ ಹೋಗ್ಬೇಡ ಲ್ಯಾಡಿ" ಎಂದಳು. ಆಮೇಲೆ ಮೇಲೆ ಕೂತಿದ್ದವರ ಕಡೆ ತಿರುಗಿ, "ನನ್ನ ಮೂರು ನಿಮಿಷನೂ ಇವನಿಗೇ. ಅವನು ಕೇಳಿದಾನೆ, ನೀವು ಹೇಳಿ. ನಾವು ಕಾಯ್ತೀವಿ."

ದೀಪ ಮತ್ತೆ ಹಸಿರಾಯಿತು. ಮುಖ್ಯಸ್ಥರು ಎಡಗಡೆಯವರನ್ನು ನೋಡಿದರು, ಅವರು ಬಲಗಡೆಯವರನ್ನು ನೋಡಿದರು. ವಕೀಲರೊಬ್ಬರು ಎದ್ದು, ಮತ್ತೆ ಕೂತರು. ಗಂಡ ಹೆಂಡತಿ ಮೈಕಿನ ಮುಂದೆ ಕೈ ಕೈ ಹಿಡಿದು ನಿಂತೇ ಇದ್ದರು, ಮತ್ತೆ ಕೆಂಪು ದೀಪ ಹತ್ತುವ ತನಕ ಆ ದೊಡ್ಡ ಸಭೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ.